ಹುಂಡುಕೋಳಿಗೆ ವಕೀಲರಿಲ್ಲ

ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ಆಗುವುದೇ ಇಲ್ಲ ಅಂತ ಸುಮ್ನೆ ದೂರಬೇಡಿ. ಮಳೆಗಾಲಕ್ಕೆ ಮುಂಚೆ ಜೆಸಿಬಿ ಬರುತ್ತದೆ, ಹರಳು ಗಿಡವನ್ನು ಬೇರು ಸಮೇತ ಎತ್ತುತ್ತದೆ, ಜೊಂಡು ಕೀಳುತ್ತದೆ, ಆ ಜೊಂಡಿನಲ್ಲಿ ಮೊಟ್ಟೆ ಇಟ್ಟುಕೊಂಡಿದ್ದ ಹುಂಡುಕೋಳಿ ಅನ್ನುವ ನೀರುಹಕ್ಕಿಗೆ ಒಂದು ನೋಟಿಸೂ ಕೊಡದೆ ಮನೆ ಖಾಲಿ ಮಾಡಿಸುತ್ತದೆ. ಪಕ್ಕದಲ್ಲೇ ಕಾಲುವೆ ಮೇಲೆ ಕಾಲು ಚಾಚಿ ಕೂತ ನಾಲ್ಕಂತಸ್ತಿನ ಕಟ್ಟಡ ಮಾತ್ರ ತಡೆಯಾಜ್ಞೆ ತಂದುಕೊಂಡು ಆರಾಮಾಗಿದೆ.

ಎತ್ತಿದ ಹೂಳನ್ನು ದೂರ ಸಾಗಿಸಬೇಕು ಅಲ್ವಾ? ದಂಡೆ ಮೇಲೇ ಗುಡ್ಡೆ ಹಾಕುತ್ತಾರೆ. ಮೊದಲ ಜೋರು ಮಳೆಗೆ ಅರ್ಧ ವಾಪಸ್ ಕಾಲುವೆಗೆ. ಉಳಿದರ್ಧದಲ್ಲಿ ಹರಳು ಮತ್ತೆ ಮೊಳೆಯುತ್ತದೆ, ಮುಂದಿನ ವರ್ಷದ ಟೆಂಡರ್‌ಗೆ.

ಆಮೇಲೆ ಕಾಂಕ್ರೀಟ್ ಗೋಡೆ. ಬೋಳು ಕಾಣುತ್ತದೆ ಅಂತ ಅದರ ಮೇಲೆ ಕಮಲ, ಮೀನು, ಮಿಂಚುಳ್ಳಿ ಬರೆಸುತ್ತಾರೆ. ನಿಜವಾದ ಮಿಂಚುಳ್ಳಿ ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುವ ಹಕ್ಕಿ. ಕಾಂಕ್ರೀಟ್ ಕೊರೆಯಲು ಅದಕ್ಕೆ ಡ್ರಿಲ್ಲಿಂಗ್ ಮಷಿನ್ ಯಾರು ಕೊಡುತ್ತಾರೆ? ಚಿತ್ರದ ಮಿಂಚುಳ್ಳಿಗೆ ಈ ತಾಪತ್ರಯ ಇಲ್ಲ. ಅದಕ್ಕೆ ಮೀನೂ ಬೇಡ, ನೀರೂ ಬೇಡ.

2016ರಲ್ಲಿ ಹಸಿರು ನ್ಯಾಯಮಂಡಳಿ ದೊಡ್ಡ ಕಾಲುವೆಗಳ ಅಂಚಿನಿಂದ 50 ಮೀಟರ್ ಜಾಗ ಬಿಡಿ ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಯನ್ನು ರದ್ದು ಮಾಡಿತು. ನಡುವಿನ ಮೂರು ವರ್ಷ ನೀರುಹಾವುಗಳು ಯಾವ ಟೇಪ್ ಹಿಡಿದು ಓಡಾಡಿದವೋ ಪಾಪ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ನೀರೇ ಬಂದು ಸರ್ವೆ ಮಾಡಿ ಹೋಯಿತು. ಹೊರವರ್ತುಲ ರಸ್ತೆ ಕಡೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಇಷ್ಟಾದರೂ ಹಕ್ಕಿಗಳು ಊರು ಬಿಟ್ಟಿಲ್ಲ. ಕೊಳಚೆ ನೀರಿನಲ್ಲಿ ಮೆಟ್ಟುಗಾಲು ಹಕ್ಕಿ ತನ್ನ ಗುಲಾಬಿ ಕಾಲೂರಿ, ಕೊಕ್ಕಿಗಷ್ಟೇ ಕೆಸರು ಮೆತ್ತಿಕೊಂಡು, ಹುಳ ಹೆಕ್ಕುತ್ತಿರುತ್ತದೆ. ಅದರ ಫೋಟೊ ತೆಗೆದು ‘ನೋಡಿ, ನೀರು ಶುದ್ಧವಾಗಿದೆ’ ಅಂತ ಹಾಕುವವರಿದ್ದಾರೆ. ಅಯ್ಯೋ, ಅದು ತಿನ್ನುವ ಹುಳ ಕೊಳಚೆಯಲ್ಲೇ ಜಾಸ್ತಿ ಹುಟ್ಟುವುದು!

ಇವರೆಲ್ಲರಲ್ಲಿ ಬುದ್ಧಿವಂತ ಅಂದ್ರೆ ಅರಳಿ ಗಿಡ. ಹಕ್ಕಿಯ ಹಿಕ್ಕೆಯಲ್ಲಿ ಬಂದು ಗೋಡೆ ಅಂಚಿನ ಬಿರುಕಿನಲ್ಲಿ ಬೇರು ಬಿಡುತ್ತದೆ. ಎರಡೆಲೆ ಇದ್ದಾಗ ಯಾರೂ ನೋಡುವುದಿಲ್ಲ. ಆಳೆತ್ತರ ಬೆಳೆಯುವಷ್ಟರಲ್ಲಿ ಕಾಂಡಕ್ಕೆ ಹಳದಿ ದಾರ, ಬುಡಕ್ಕೆ ಕುಂಕುಮ, ಪಕ್ಕಕ್ಕೊಂದು ನಾಗರಕಲ್ಲು ಬಂದು ಕೂತಿರುತ್ತದೆ. ಕೀಳಲು ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದು, ಕಡತದಲ್ಲಿ ‘ಧಾರ್ಮಿಕ ಸ್ಥಳ’ ಅಂತ ಬರೆದುಕೊಂಡು ಹೊರಡುತ್ತಾರೆ.