ವ್ಯೂ ಅದ, ಗಾಲ್ಫ್ ಆಮ್ಯಾಲೆ

ರಾಯಚೂರಿನ ಹೊರಗೆ ಲಿಂಗಸುಗೂರು ರಸ್ತೆಯಲ್ಲಿ ಸೈಟ್ ನೋಡಲು ಹೋಗಿದ್ದೆ. ಏಜೆಂಟ್ ಕೊಟ್ಟ ಪಾಂಪ್ಲೆಟ್‌ನಲ್ಲಿ ಕಣ್ಣು ಕುಕ್ಕುವ ಹಸಿರು ಹುಲ್ಲು. ಬಿಳಿ ಟೋಪಿಯವನೊಬ್ಬ ಗಾಲ್ಫ್ ಕೋಲು ಬೀಸುತ್ತಿದ್ದ. ಎದುರಿಗಿದ್ದದ್ದು ತೊಗರಿ ಕೂಳೆಯ ಎರೆಹೊಲ, ಒಂದು ಜಾಲಿ ಗಿಡ, ಅದರ ನೆರಳಿಗೆ ಗುದ್ದಾಡುತ್ತಿದ್ದ ಮೂರು ಕುರಿ.

"ಗಾಲ್ಫ್ ಎಲ್ಲಪ್ಪಾ?"

"ಲೇಔಟ್ ಹೆಸರು ಗಾಲ್ಫ್ ವ್ಯೂ ರೀ ಸರ್. ವ್ಯೂ ಅದ. ಗಾಲ್ಫ್ ಎರಡನೇ ಫೇಸ್‌ನ್ಯಾಗ ಬರ್ತದ."

ನಗಬೇಡಿ. ಗಾಲ್ಫಿಗೂ ಸೈಟಿಗೂ ಹಳೇ ನೆಂಟಸ್ತನ. 2008ರ ಫೆಬ್ರುವರಿಯಲ್ಲಿ ಡೆಲ್ಲಿ ಗಾಲ್ಫ್ ಕ್ಲಬ್‌ನಲ್ಲಿ ಇಂಡಿಯನ್ ಮಾಸ್ಟರ್ಸ್ ನಡೆಯಿತು. ಯುರೋಪಿಯನ್ ಟೂರ್ ಅನ್ನೋ ವೃತ್ತಿಪರ ಗಾಲ್ಫ್ ಟೂರ್ನಿಗಳ ಸರಣಿ ನಮ್ಮ ದೇಶಕ್ಕೆ ಬಂದಿದ್ದು ಅದೇ ಮೊದಲು. ದುಡ್ಡು ರಿಯಲ್ ಎಸ್ಟೇಟಿನವರದು. ಒಟ್ಟು ಬಹುಮಾನ 25 ಲಕ್ಷ ಡಾಲರ್. ದಕ್ಷಿಣ ಆಫ್ರಿಕಾದ ಹೆಸರಾಂತ ಗಾಲ್ಫರ್ ಎರ್ನಿ ಎಲ್ಸ್‌ನಂಥವರೇ ಬಂದು ಆಡಿದರು. ನಾಲ್ಕು ದಿನ ಆಟ. ಅಷ್ಟೇ. ವರ್ಷ ಮುಗಿಯುವುದರೊಳಗೆ ಅಮೆರಿಕದ ಬ್ಯಾಂಕುಗಳು ಮಗುಚಿ, ಇಲ್ಲಿ ಫ್ಲ್ಯಾಟು ಕೊಳ್ಳುವವರೂ ಕಡಿಮೆಯಾಗಿ, 2009ರ ಟೂರ್ನಿ ರದ್ದಾಯಿತು. ಮತ್ತೆ ನಡೆಯಲೇ ಇಲ್ಲ. ಬರ ಬಿದ್ದ ವರ್ಷವೂ ನಮ್ಮೂರ ತೇರು ಎಳೆದಿದ್ದೇವೆ, ಅದೂ ಊರವರ ಪಟ್ಟಿ ದುಡ್ಡಲ್ಲಿ.

ಗೆದ್ದವರು ಯಾರು ಗೊತ್ತಾ? ಎಸ್‌ಎಸ್‌ಪಿ ಚೌರಾಸಿಯಾ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ. ಪಾಂಪ್ಲೆಟ್ ಮಾಡಿಸುವವರು ಇಂಥವರ ಫೋಟೋ ಯಾಕೋ ಹಾಕುವುದಿಲ್ಲ.

ಆಟದ ನಿಯಮವೂ ನಮ್ಮ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ. ಕಡಿಮೆ ಹೊಡೆತ ಹೊಡೆದವನಿಗೆ ಗೆಲುವು. ಥೇಟ್ ಟೆಂಡರ್. ಮೈದಾನದಲ್ಲಿ ಅಲ್ಲಲ್ಲಿ ಮರಳು ತುಂಬಿದ ಗುಂಡಿಗಳು ಬೇಕು. ಇಲ್ಲಿ ಮರಳನ್ನು ಸುಮ್ನೆ ಬಯಲಲ್ಲಿ ಬಿಟ್ಟರೆ, ಬೆಳಗಾಗುವುದರೊಳಗೆ ಗುಂಡಿ ಮಾತ್ರ ಇರುತ್ತದೆ.

ಚೆಂಡು ನೀರಿಗೆ ಬಿದ್ದರೆ ದಂಡ. ಇದನ್ನು ಮಾನ್ವಿ ಕಡೆಯ ನಮ್ಮ ಮಾವನಿಗೆ ಹೇಳಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ಅವರ ಗದ್ದೆ.

"ನೀರು ಕಂಡ್ರ ದಂಡ ಏನಳಿಯಾ? ಮೊದಲು ಕಾಣಲಿ, ಕಟ್ತೀನಿ" ಎಂದರು.

ನಿನ್ನೆ ಏಜೆಂಟ್ ಫೋನ್ ಮಾಡಿದ್ದ. "ಲೇಔಟ್ ಹೆಸರು ಬದಲಾಗ್ಯದ ಸರ್. ಈಗ ಏರ್‌ಪೋರ್ಟ್ ವ್ಯೂ. ಚದರಡಿಗೆ ನೂರು ರೂಪಾಯಿ ಜಾಸ್ತಿ."

"ಮತ್ತೆ ಆ ಕುರಿ?"

"ಅಲ್ಲೇ ಅದಾವ್ರೀ."