ನನ್ನ ತೋಟದ ಸರ್ಕಾರಿ ನೌಕರ

ಕೊಡಗಿನ ನಮ್ಮ ಮನೆಯ ಗೋಡೆಯಲ್ಲಿ ಒಂದು ಜಮ್ಮಾ ಕೋವಿ ಇದೆ. ಜಮ್ಮಾ ಅಂದರೆ ಇಲ್ಲಿನ ವಂಶಪಾರಂಪರ್ಯದ ಭೂಹಿಡುವಳಿ, ಕೋವಿ ಅಂದರೆ ಬಂದೂಕು. ಅದಕ್ಕೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು. ಬ್ರಿಟಿಷರ ಕಾಲದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದೆ. ಗುಂಡು ಹಾರಿಸುವ ಸಾಮಾನಿನ ವಿಷಯದಲ್ಲಿ ನನ್ನ ಮೇಲೆ ಅಷ್ಟು ನಂಬಿಕೆ. ನಂಬಿಕೆ ಸಾಲದಿರುವುದು ಗರಗಸದ ವಿಷಯದಲ್ಲಿ ಮಾತ್ರ.

ಕಳೆದ ಕಕ್ಕಡದ, ಅಂದರೆ ನಮ್ಮ ಜೋರು ಮಳೆಯ ತಿಂಗಳ, ಗಾಳಿಗೆ ತೋಟದ ಬೀಟೆ ಮರ ಬುಡ ಸಮೇತ ಉರುಳಿತು. ಹದಿನೇಳು ಕಾಫಿ ಗಿಡ, ಎರಡು ಮೆಣಸಿನ ಬಳ್ಳಿ, ಪಂಪ್ ಶೆಡ್ಡಿನ ಶೀಟು ಎಲ್ಲ ಅದರ ಅಡಿಗೆ. ಮರ ಕೊಯ್ದು ತೆಗೆಯಲು ಅನುಮತಿ ಕೇಳಲು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ಕಾಗದ ತಿರುವಿ, ಮೆತ್ತಗೆ ಹೇಳಿದರು: "ನಿಮ್ಮದು ಅನ್‌ರಿಡೀಮ್ಡ್ ಬಾಣೆ. ಮರ ಸರ್ಕಾರದ್ದು, ಮುಟ್ಟಬೇಡಿ."

ನನಗೆ ಖುಷಿಯಾಯಿತು. "ಹಾಗಾದ್ರೆ ನಿಮ್ಮ ಮರ ನನ್ನ ಶೆಡ್ಡಿನ ಮೇಲೆ ಬಿದ್ದಿದೆ, ಪರಿಹಾರ ಯಾರು ಕೊಡ್ತೀರಿ?" ಎಂದೆ. ಅದು ಗಾಳಿಗೆ ಬಿದ್ದದ್ದು ಎಂದರು. ಗಾಳಿ ಯಾವ ಇಲಾಖೆಗೆ ಸೇರುತ್ತದೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಊಟದ ಹೊತ್ತಾಯಿತು.

ಘಟ್ಟದ ಕೆಳಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಬಾಣೆ ಅಂದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನದ ಮೇವಿಗೆಂದು ಕೊಟ್ಟ ಗುಡ್ಡದ ಜಾಗ. ಮರದ ಬೆಲೆ ಕಟ್ಟಿದವರದ್ದು ರಿಡೀಮ್ಡ್, ಕಟ್ಟದವರದ್ದು ಅನ್‌ರಿಡೀಮ್ಡ್. ರಿಡೀಮ್ ಅಂದರೆ ಗಿರವಿ ಬಿಡಿಸಿಕೊಳ್ಳುವುದು, ಅಲ್ವಾ? ನಮ್ಮ ಅಜ್ಜಂದಿರು ಬಳೆ ಗಿರವಿ ಇಟ್ಟದ್ದು ಗೊತ್ತು. ಮರವನ್ನು ಯಾವಾಗ ಇಟ್ಟರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ವಜ್ಞಾನಿ, ಮನುಷ್ಯ ಬೆವರು ಸುರಿಸಿ ದುಡಿದದ್ದು ಅವನ ಸ್ವತ್ತು ಎಂದು ವಾದಿಸಿದ್ದ. ಅವನದೇ ದೇಶದವರು ಕೊಡಗಿಗೆ ಬರುವಾಗ ಆ ಮಾತನ್ನು ಹಡಗಿನಲ್ಲೇ ಬಿಟ್ಟು ಬಂದಿರಬೇಕು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಈ ಬೀಟೆಯನ್ನು ನಾನೂ ನೆಟ್ಟಿಲ್ಲ, ಸರ್ಕಾರವೂ ನೆಟ್ಟಿಲ್ಲ. ಕಾಯಿ ಗಾಳಿಗೆ ಹಾರಿ ಬಂದದ್ದು. ಲಾಕ್ ಪ್ರಕಾರ ಅದು ಗಾಳಿಯ ಸ್ವತ್ತು. ಗಾಳಿ ತನ್ನ ಮರವನ್ನು ತಾನೇ ಬೀಳಿಸಿಕೊಂಡಿದೆ, ಕೇಸು ಮುಗಿಯಿತು.

ಈಗ ಕಾಫಿ ತೋಟದ ಇನ್ನೊಂದು ನೆರಳಿನ ಮರ, ಸಿಲ್ವರ್ ಓಕ್, ನೋಡಿ. ಹುಟ್ಟೂರು ಆಸ್ಟ್ರೇಲಿಯಾ. ಅದನ್ನು ಕಡಿಯಲು ಅನುಮತಿ ಬೇಡ. ಹಾಗಾಗಿ ಹೊರದೇಶದ ಸಿಲ್ವರ್ ನನ್ನ ತೋಟದಲ್ಲಿ ಸ್ವತಂತ್ರ ಪ್ರಜೆ, ಇಲ್ಲೇ ಹುಟ್ಟಿದ ಬೀಟೆ ಸರ್ಕಾರಿ ನೌಕರ. ನೆರಳು ಕೊಡುವ ಡ್ಯೂಟಿ ನನ್ನಲ್ಲಿ, ಹಾಜರಿ ಪುಸ್ತಕ ಅವರಲ್ಲಿ.

ಬಿಡುಗಡೆ ಆಗುವುದೇ ಇಲ್ಲ ಎಂದೇನಿಲ್ಲ. ಒಂದು ಕಾಲದಲ್ಲಿ ನಾವು ಬೆಳೆದ ಕಾಫಿಯನ್ನು ನಾವೇ ಮಾರುವ ಹಾಗಿರಲಿಲ್ಲ, ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಂದೇ ರಾಶಿಗೆ, ಸುರಿಯಬೇಕಿತ್ತು. ದುಡ್ಡು ಕಂತು ಕಂತಾಗಿ, ಅವರಿಗೆ ಮನಸ್ಸು ಬಂದಾಗ. ಆ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು, ಆಕಾಶವೇನೂ ಬೀಳಲಿಲ್ಲ. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಿಂದ ಗಂಧದ ಮರವೂ ಜಾಗದವನದ್ದಾಯಿತು. ಅದಕ್ಕೂ ಮೊದಲು ಹಿತ್ತಲಲ್ಲಿ ಗಂಧದ ಸಸಿ ಕಂಡರೆ ಹಾವು ಕಂಡಷ್ಟೇ ಗಾಬರಿ. ನಮ್ಮ ಬೀಟೆಯ ಫೈಲು ಮಾತ್ರ ಇನ್ನೂ ನಿಂತಿದೆ. ಮರವೇ ಮಲಗಿದೆ, ಫೈಲು ನಿಂತಿದೆ.

ಮರ ಇವತ್ತಿಗೂ ಅಲ್ಲೇ ಇದೆ. ಮೇಲೆ ಅಣಬೆ ಎದ್ದಿದೆ. ಅದು ರಿಡೀಮ್ಡೋ ಅನ್‌ರಿಡೀಮ್ಡೋ ತಿಳಿಯದೆ ಯಾರೂ ಕಿತ್ತಿಲ್ಲ.

ಮೊನ್ನೆ ಕಳೆ ಹೊಡೆಯುವಾಗ ಕೆಲಸದವನು ಕರೆದ. ಕಾಫಿ ಬುಡದಲ್ಲಿ ಗೇಣುದ್ದದ ಬೀಟೆ ಸಸಿ, ಚಿಗುರು ಎಳೆ ಹಸಿರು. "ಬಿಡ್ಲಾ ಸಾರ್?" ಎಂದ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ನಾನು ಏನೂ ಹೇಳದೆ ಕಾಫಿ ಕುಡಿಯಲು ಮನೆಗೆ ಬಂದೆ. ವಾಪಸು ಹೋದಾಗ ಆ ಜಾಗದಲ್ಲಿ ಒಂದು ಗುಂಡಿ, ಪಕ್ಕದಲ್ಲಿ ಪ್ಲಾಸ್ಟಿಕ್ ತೊಟ್ಟೆಯ ಸಿಲ್ವರ್ ಗಿಡ.