ಕಿಟೆಲ್ ಕಥೋಲಿಕ್ ಪಾದ್ರಿಯಲ್ಲ, ಕರಾವಳಿಯ ಚರ್ಚ್‌ಗಳೆಲ್ಲ ಪೋಪರವೂ ಅಲ್ಲ

‘ಕನ್ನಡ ನಿಘಂಟು ಬರೆದ ಕಿಟೆಲ್ ಕಥೋಲಿಕ್ ಪಾದ್ರಿ, ಕರಾವಳಿಯ ಚರ್ಚ್‌ಗಳೆಲ್ಲ ಪೋಪರ ಅಧೀನ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

1894ರಲ್ಲಿ ನಿಘಂಟು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿ, ಪೋಪರ ಅಧಿಕಾರ ಒಪ್ಪದ ಪ್ರೊಟೆಸ್ಟೆಂಟ್ ಪಂಗಡದವರು. ಕಥೋಲಿಕ್ ಪಾದ್ರಿಗಳು ಮದುವೆಯಾಗುವುದಿಲ್ಲ; ಕಿಟೆಲ್ ಅವರಿಗೆ ಹೆಂಡತಿ ಮಕ್ಕಳಿದ್ದರು ಎಂಬುದನ್ನು ಗಮನಿಸಿದ್ದರೂ ಸಂದೇಶ ಬರೆದವರಿಗೆ ಅನುಮಾನ ಬರಬೇಕಿತ್ತು.

ಮಂಗಳೂರಿನ ರೊಸಾರಿಯೊ ಚರ್ಚ್ ಕಥೋಲಿಕರದು. ಅಲ್ಲಿ ಪೂಜೆಯ ನಡುವೆ ಪೋಪರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಬಲ್ಮಠದ ಶಾಂತಿ ಚರ್ಚ್‌ಗೆ ಆ ಪದ್ಧತಿಯಿಲ್ಲ. ಅದು ಸೇರಿರುವ ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಬಿಷಪ್‌ಗಳಿರಲೇಬೇಕು ಎನ್ನುತ್ತಿದ್ದ ಆಂಗ್ಲಿಕನ್ನರು, ಬಿಷಪ್ಪರೇ ಬೇಡ ಎನ್ನುತ್ತಿದ್ದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಪಂಗಡದವರು, ಜೊತೆಗೆ ಮೆಥಡಿಸ್ಟರು ಇಪ್ಪತ್ತೆಂಟು ವರ್ಷ ಹಗ್ಗಜಗ್ಗಾಡಿ ಒಂದಾದದ್ದು ಹಾಗೆ. ಕಥೋಲಿಕರು ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡುವುದಿಲ್ಲ. ಸಿಎಸ್‌ಐಯಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪ್ಪರೇ ಆದರು.

ಸ್ವಾರಸ್ಯವಿರುವುದು ಬ್ರಹ್ಮಾವರದಲ್ಲಿ. ಅಲ್ಲಿನ ಸಿರಿಯನ್ ಆರ್ಥೊಡಾಕ್ಸ್ ಕುಟುಂಬಗಳು ಮನೆಯಲ್ಲಿ ಆಡುವುದು ಕೊಂಕಣಿ, ಪೂರ್ವಜರು ಕಥೋಲಿಕರು. 19ನೆಯ ಶತಮಾನದ ಕೊನೆಯಲ್ಲಿ, ಗೋವಾದಲ್ಲಿ ಬೆಳೆದ ಅಲ್ವಾರಿಸ್ ಎಂಬ ಪಾದ್ರಿಯ ಚಳವಳಿಯ ಹೊತ್ತಿಗೆ ರೋಮನ್ನು, ಅಂದರೆ ಪೋಪರನ್ನು ಬಿಟ್ಟು ಮಲಯಾಳಿ ಮೂಲದ ಆರ್ಥೊಡಾಕ್ಸ್ ಸಭೆಗೆ ಸೇರಿದವರು. ಹೆಸರು, ಊಟ, ಭಾಷೆ ನೋಡಿ ಇವರನ್ನು ಪಕ್ಕದ ಮನೆಯ ಕಥೋಲಿಕರಿಂದ ಬೇರ್ಪಡಿಸುವುದು ಕಷ್ಟ. ಹಾಗೆಂದು ‘ಮಲಯಾಳಿ ಮೂಲದ ಸಭೆಗಳೆಲ್ಲ ಪೋಪರಿಂದ ಹೊರಗೆ’ ಎಂದೂ ಬರೆಯಬೇಡಿ: ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯದ ಪೂಜಾವಿಧಿ ಬೇರೆಯಾದರೂ ಅದು ಪೋಪರಿಗೇ ಅಧೀನ.